ಬಿಡಬೇಕಾದ್ದು ಬ್ರಾಂಚೋ, ಭಯವೋ?

(ಪೀಣ್ಯದ ರಾಜ್ಯೋತ್ಸವ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಭಾಷಣಕಾರರ ಕರಪತ್ರ ಅಚ್ಚು ಹಾಕುವವನು. ಓದಿದ್ದು ಪಿಯುಸಿ. ಈ ಸಭೆಯ ಕರಪತ್ರ ಒಯ್ಯಲು ಪ್ರೆಸ್ಸಿಗೆ ಬಂದಿದ್ದ ಇಬ್ಬರು ಹುಡುಗರು, "ಅಣ್ಣಾ, ಮೆಕ್ಯಾನಿಕಲ್ ಬಿಟ್ಟು ಕಂಪ್ಯೂಟರ್ ಬ್ರಾಂಚಿಗೆ ಹೋಗೋಣ ಅಂತಿದ್ದೀವಿ, ಏನಂತೀರಿ?" ಎಂದು ಕೇಳಿದರು. ಯಾವ ವರ್ಷದಲ್ಲಿದ್ದೀರಪ್ಪ ಅಂದೆ. ಎರಡನೇ ವರ್ಷ ಅಂದರು. ಆಗ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಇವತ್ತು ಹೇಳುತ್ತೇನೆ. ಯಾಕೆಂದರೆ ಇದೇ ಪ್ರಶ್ನೆ ನನ್ನ ಬದುಕಿನ ದಿಕ್ಕನ್ನೇ ತಿರುಗಿಸಿತು.

1996ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮೆಕ್ಯಾನಿಕಲ್ ಡಿಪ್ಲೊಮಾ ಸೇರಿದೆ. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಗಣಿತದಲ್ಲಿ ಒಳ್ಳೆಯ ಅಂಕ. ಪಾಲಿಟೆಕ್ನಿಕ್ ಮೆಟ್ಟಿಲು ಹತ್ತಿದ ದಿನದಿಂದ ಎಲ್ಲವೂ ಇಂಗ್ಲಿಷು. ಬಲ, ವೇಗ, ಘರ್ಷಣೆ ಎಂದು ಕಲಿತವನ ಮುಂದೆ ಫೋರ್ಸು, ವೆಲಾಸಿಟಿ, ಫ್ರಿಕ್ಷನ್ನು! ಮೇಷ್ಟ್ರು ಬೋರ್ಡಿನ ಮೇಲೆ ಕ್ಯಾಮ್ ಮತ್ತು ಫಾಲೋವರ್ ಚಿತ್ರ ಬರೆದು ಡಿಸ್‌ಪ್ಲೇಸ್‌ಮೆಂಟ್ ಎನ್ನುತ್ತಿದ್ದರು. ಅರ್ಥವಾಗಲಿಲ್ಲ ಅನ್ನಲು ನಾಚಿಕೆ. ಉರು ಹೊಡೆದೆ. ಎರಡನೇ ವರ್ಷ ಮೂರು ವಿಷಯಗಳಲ್ಲಿ ನಪಾಸು.

ಅದು ವೈಟ್‌ಫೀಲ್ಡ್‌ನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕನಸು ಕಂಡು 332 ಎಕರೆಯಲ್ಲಿ ಶುರು ಮಾಡಿದ ಎಲೆಕ್ಟ್ರಾನಿಕ್ ಸಿಟಿಯ ಹೆಸರು ಮನೆಮನೆಯಲ್ಲೂ ಕೇಳಿಸುತ್ತಿತ್ತು. ಎಲ್ಲರ ಬಾಯಲ್ಲೂ ಕಂಪ್ಯೂಟರ್. ಮೆಕ್ಯಾನಿಕಲ್ ನನಗೆ ಆಗಿಬರುವುದಿಲ್ಲ, ಕಂಪ್ಯೂಟರ್ ಕೊಡಿ ಎಂದು ಕಾಲೇಜು ಕಚೇರಿಗೆ ಹೋದೆ. "ಮೊದಲನೇ ವರ್ಷದಿಂದ ಶುರು ಮಾಡಬೇಕು, ಈಗ ಸೀಟೂ ಇಲ್ಲ" ಅಂದರು. ಸಿಟ್ಟಿಗೆ ಎಲ್ಲವನ್ನೂ ಬಿಟ್ಟೆ. ಪಿಯುಸಿಯಲ್ಲಿ ಕಲಾ ವಿಭಾಗ ಮುಗಿಸಿ ಚಿಕ್ಕಪ್ಪನ ಪ್ರೆಸ್ಸಿಗೆ ಬಂದು ಕೂತೆ.

ಕೆಲವು ವರ್ಷಗಳಾದ ಮೇಲೆ ಚಿಕ್ಕಪ್ಪ ಒಂದು ಹಳೇ ಆಫ್‌ಸೆಟ್ ಮೆಷಿನ್ ತಂದರು. ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ರಿಪೇರಿಗೆ ಬಂದ ಹಿರಿಯ ಮೆಕ್ಯಾನಿಕ್ ಕೈಯಲ್ಲೇ ಚಕ್ರ ತಿರುಗಿಸಿ ತೋರಿಸಿದರು: "ನೋಡಪ್ಪ, ಈ ಮೊಟ್ಟೆಯಾಕಾರದ ಬಿಲ್ಲೆ ಸುತ್ತುತ್ತೆ. ಇದರ ಉಬ್ಬು ಬಂದಾಗ ಈ ತೋಳು ಮೇಲೇಳುತ್ತೆ. ತೋಳು ಎದ್ದರೆ ಗ್ರಿಪ್ಪರ್ ಬಾಯಿ ಬಿಡುತ್ತೆ. ಉಬ್ಬು ಸವೆದಿದೆ. ಅದಕ್ಕೇ ಕಾಗದ ಹೊತ್ತಿಗೆ ಸರಿಯಾಗಿ ಕೈಬಿಡ್ತಿಲ್ಲ."

ಅಷ್ಟೇ! ಅದೇ ಕ್ಯಾಮ್, ಅದೇ ಫಾಲೋವರ್. ಒಂದು ವರ್ಷ ತಲೆಗೆ ಹತ್ತದ್ದು ಎರಡು ನಿಮಿಷದಲ್ಲಿ ಹತ್ತಿತು. ಆ ರಾತ್ರಿ ಮೆಷಿನ್ ಪಕ್ಕದಲ್ಲೇ ಕೂತುಬಿಟ್ಟೆ. ನನಗೆ ಬಾರದೇ ಇದ್ದದ್ದು ಇಂಗ್ಲಿಷು. ನಾನು ಬಿಟ್ಟು ಬಂದದ್ದು ಮೆಕ್ಯಾನಿಕಲ್!

ಇವತ್ತೂ ಎಷ್ಟೋ ಕನ್ನಡದ ಹುಡುಗರು ಇದೇ ತಪ್ಪು ಲೆಕ್ಕ ಹಾಕುತ್ತಿದ್ದಾರೆ. ಆದ್ದರಿಂದ ಬ್ರಾಂಚ್ ಬದಲಿಸುವ ಮುಂಚೆ ಮೂರು ಪರೀಕ್ಷೆ ಮಾಡಿಕೊಳ್ಳಿ.

ಮೊದಲನೆಯದು, ನಿಮಗೆ ಕಷ್ಟವಾದ ಪಾಠವನ್ನು ಬಲ್ಲವರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಆಮೇಲೆ ಅದನ್ನೇ ನಿಮ್ಮ ತಂಗಿಗೆ ಹೇಳಿಕೊಡಿ. ಹೇಳಲು ಬಂದರೆ ವಿಷಯ ನಿಮ್ಮದೇ. ಪದಗಳನ್ನು ದಿನಕ್ಕೆ ಹತ್ತರಂತೆ ಕಲಿತರಾಯಿತು. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಇ-ಕುಂಭ್ ಜಾಲತಾಣದಲ್ಲಿ ಡಿಪ್ಲೊಮಾ ಪುಸ್ತಕಗಳು ಕನ್ನಡದಲ್ಲೂ ಸಿಗುತ್ತವೆ, ಬಿಟ್ಟಿಯಾಗಿ. ಕನ್ನಡ ಮತ್ತು ಇಂಗ್ಲಿಷ್ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ.

ಎರಡನೆಯದು, ಕೆಲಸವನ್ನು ಕಣ್ಣಾರೆ ನೋಡಿ. ಪೀಣ್ಯದಲ್ಲಿ ಗುರುತಿನವರ ವರ್ಕ್‌ಶಾಪಿನಲ್ಲಿ ಒಂದು ವಾರ ನಿಲ್ಲಿ. ಸಿಎನ್‌ಸಿ ಮೆಷಿನ್ ಓಡಿಸುವವನು ಪ್ರೋಗ್ರಾಂ ಬರೆಯುತ್ತಾನೆ. ಉಕ್ಕು ಕೊರೆಯುವ ಟೂಲಿಗೆ ಎಲ್ಲಿ ಹೋಗು, ಎಷ್ಟು ವೇಗದಲ್ಲಿ ಹೋಗು ಎಂದು ಅಕ್ಷರ, ಅಂಕಿಗಳಲ್ಲೇ ಅಪ್ಪಣೆ ಕೊಡುತ್ತಾನೆ. ಕಂಪ್ಯೂಟರ್ ಬೇಕು ಎನ್ನುವವನಿಗೆ ಅಲ್ಲೂ ಕಂಪ್ಯೂಟರ್ ಇದೆ. ಹಾಗೆಯೇ ಸಾಫ್ಟ್‌ವೇರಿನಲ್ಲಿರುವ ನೆರೆಮನೆ ಅಣ್ಣನನ್ನೋ ಅಕ್ಕನನ್ನೋ ದಿನಪೂರ್ತಿ ಏನು ಮಾಡುತ್ತೀರಿ ಎಂದು ಕೇಳಿ. ಸಂಬಳ ಆಮೇಲೆ ಕೇಳಿ.

ಮೂರನೆಯದು, ಲೆಕ್ಕ. ಕಳೆದ ಸೆಮಿಸ್ಟರ್ ಎಷ್ಟು, ಹೊಸದಾಗಿ ಕಟ್ಟಬೇಕಾದ ಫೀಸು ಎಷ್ಟು, ಹೋಗುವ ವರ್ಷ ಎಷ್ಟು, ಅಪ್ಪ ಅಮ್ಮನ ಶಕ್ತಿ ಎಷ್ಟು. ಕಾಗದದ ಮೇಲೆ ಬರೆಯಿರಿ. ಬದಲಾವಣೆಯ ನಿಯಮವನ್ನು ಪ್ರಿನ್ಸಿಪಾಲರಿಗೆ ಕನ್ನಡದಲ್ಲೇ ಅರ್ಜಿ ಕೊಟ್ಟು ಲಿಖಿತವಾಗಿ ಕೇಳಿ. ಗುಮಾಸ್ತರ ಬಾಯಿಮಾತು ನಂಬಿ ನನ್ನ ಹಾಗೆ ಕೆಡಬೇಡಿ.

ಬದಲಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ನಮ್ಮ ಪ್ರೆಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗನಿಗೆ ಸಿವಿಲ್ ಪಾಠ ಚೆನ್ನಾಗಿಯೇ ಅರ್ಥವಾಗುತ್ತಿತ್ತು, ಅಂಕವೂ ಬರುತ್ತಿತ್ತು. ಆದರೆ ಸೈಟಿಗೆ ಹೋದರೆ ಮುಖ ಬಾಡುತ್ತಿತ್ತು. ಸಂಜೆ ನಮ್ಮ ಕಂಪ್ಯೂಟರ್ ಬಿಚ್ಚಿ ಜೋಡಿಸಲು ಬಂದರೆ ಊಟ ಮರೆಯುತ್ತಿದ್ದ. ಅವನಿಗೆ ನಾನೇ ಹೇಳಿದೆ, ಮೊದಲನೇ ವರ್ಷವೇ ಇದೆ, ಬದಲಿಸಿಬಿಡು ಮಗಾ ಎಂದು. ಒಂದು ವರ್ಷ ಹೋಯಿತು. ಅವನಿಗೆ ಬೇಸರವಿಲ್ಲ, ನನಗೂ ಇಲ್ಲ.

ಅರ್ಧ ದಾಟಿದವರು ಮುಗಿಸಿಯೇ ತಿರುಗಿ. ಡಿಪ್ಲೊಮಾ ಆದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇ ಸೇರಬಹುದು. ಯಾವ ಬ್ರಾಂಚಿಗೆ ಅವಕಾಶ ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಓದಿ. ಸರ್ ಎಂ. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಬಿಎ ಮುಗಿಸಿದ ಮೇಲೆಯೇ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು.

ಕಲಿತದ್ದು ಎಲ್ಲೂ ಹೋಗುವುದಿಲ್ಲ. ಪ್ರೆಸ್ಸುಗಳಿಗೆ ಕಂಪ್ಯೂಟರ್ ಬಂದಾಗ ಮೊಳೆ ಜೋಡಿಸುವವರ ಅನ್ನ ಹೋಯಿತು ಎಂದು ಎಲ್ಲರೂ ಅತ್ತರು. ನಮ್ಮ ಹಿರಿಯ ಕಂಪೋಸಿಟರ್ ಕೆ.ಪಿ. ರಾವ್ ಅವರ ಕೀಲಿಮಣೆ ಕಲಿತು ಡಿಟಿಪಿಗೆ ಕೂತರು. ಒತ್ತಕ್ಷರ ತಪ್ಪದ ಅವರ ಕಣ್ಣು ಅಲ್ಲೂ ಅವರನ್ನು ಕಾಪಾಡಿತು. ಮೆಷಿನ್ ಬದಲಾಯಿತು, ವಿದ್ಯೆ ಜೊತೆಗೇ ಬಂತು.

ಕೊನೆಯದಾಗಿ ಮೇಷ್ಟ್ರುಗಳಿಗೆ ಒಂದು ಮಾತು. 2021ರಲ್ಲೇ ಎಐಸಿಟಿಇ ಕನ್ನಡದಲ್ಲಿ ಎಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಿದೆ. ಬಿಇಯನ್ನೇ ಕನ್ನಡದಲ್ಲಿ ಹೇಳಬಹುದಾದರೆ ಡಿಪ್ಲೊಮಾ ತರಗತಿಯಲ್ಲಿ ಕ್ಯಾಮ್ ಎಂದರೇನು ಅಂತ ಕನ್ನಡದಲ್ಲಿ ಎರಡು ನಿಮಿಷ ಹೇಳಲು ಏನು ಅಡ್ಡಿ ಸ್ವಾಮಿ? ಆ ಎರಡು ನಿಮಿಷ ನನಗೆ ಸಿಕ್ಕಿದ್ದರೆ ಇವತ್ತು ನಿಮ್ಮ ಮುಂದೆ ಬೇರೆಯೇ ಮನುಷ್ಯ ನಿಂತಿರುತ್ತಿದ್ದ.

ಆ ಇಬ್ಬರು ಹುಡುಗರು ಹಿಂದಿನ ಸಾಲಿನಲ್ಲಿ ಕೂತಿರುವುದು ಕಾಣುತ್ತಿದೆ. ನಾಳೆ ಸಂಜೆ ಪುಸ್ತಕ ಹಿಡಿದು ಪ್ರೆಸ್ಸಿಗೆ ಬನ್ನಿ. ಮೆಷಿನ್ ನಿಲ್ಲಿಸಿ ತೋರಿಸುತ್ತೇನೆ. ಆಮೇಲೆ ನೀವೇ ತೀರ್ಮಾನ ಮಾಡಿ.

ಜೈ ಕರ್ನಾಟಕ!