ಕಂಪ್ಯೂಟರು ಆರದೆ ನಿಂತಾಗ ಮಾಡತಕ್ಕದ್ದೇನು?

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕನೆಂದರೆ ಬೀಜ, ಗೊಬ್ಬರ, ಔಷಧ ಸಿಂಪಡಣೆಗಳ ಮಾತನ್ನಾಡುವವನೆಂದು ತಾವು ಬಲ್ಲಿರಿ. ಈ ದಿನ ನಾನು ಕಂಪ್ಯೂಟರಿನ ವಿಷಯ ಹೇಳಲು ನಿಂತಿರುವುದು ಕೆಲವರಿಗೆ ಸೋಜಿಗವಾಗಬಹುದು. ಆದರೆ ಯೋಚಿಸಿ ನೋಡಿ. ೨೦೦೦ನೆಯ ಇಸವಿಯ ಸುಮಾರಿಗೆ ನಮ್ಮ ರಾಜ್ಯದ ಪಹಣಿಗಳು ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿದವು. ೨೦೨೨ರಲ್ಲಿ ಕೇಂದ್ರ ಸರ್ಕಾರವು ದೇಶದ ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕಪತ್ರವನ್ನು ಕಂಪ್ಯೂಟರಿಗೆ ತರುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಾಲಿನ ಸಂಘದಲ್ಲಂತೂ ಬೆಳಿಗ್ಗೆ ಸಂಜೆ ತಾವು ಹಾಕುವ ಹಾಲಿನ ಅಳತೆ, ಜಿಡ್ಡಿನ ಅಂಶ, ದರ ಎಲ್ಲವೂ ಆ ಪೆಟ್ಟಿಗೆಯೊಳಕ್ಕೇ ಹೋಗುತ್ತವೆ. ಅದರಲ್ಲಿ ಒಂದು ಅಂಕಿ ಕಳೆದುಹೋದರೆ ನಷ್ಟವಾಗುವುದು ನಮ್ಮ ಬಟವಾಡೆಗೆ. ಆದುದರಿಂದ ಇದು ರೈತನ ವಿಷಯವೇ ಸರಿ.

ಕಂಪ್ಯೂಟರನ್ನು ಚಾಲೂ ಮಾಡುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಅದನ್ನು ಸರಿಯಾಗಿ ಆರಿಸುವುದನ್ನು ಕಲಿಯುವವರು ಕಡಿಮೆ. ಆರಿಸುವ ಹೊತ್ತಿಗೆ ಪರದೆಯ ಮೇಲೆ ಏನೋ ಬರಹ ಬರುತ್ತದೆ, ಚಕ್ರ ಸುತ್ತುತ್ತಲೇ ಇರುತ್ತದೆ, ಯಂತ್ರ ಆರುವುದಿಲ್ಲ. ಮನೆಗೆ ಹೋಗುವ ಅವಸರದಲ್ಲಿ ಯಾರೋ ಗೋಡೆಯ ಸ್ವಿಚ್ಚನ್ನು ಆರಿಸಿಬಿಡುತ್ತಾರೆ. ಈ ಒಂದು ಅಭ್ಯಾಸವನ್ನು ಬಿಡಿಸುವುದೇ ನನ್ನ ಇಂದಿನ ಮಾತಿನ ಉದ್ದೇಶ.

ಒಳಗೆ ನಡೆಯುವುದೇನು?

ಕಂಪ್ಯೂಟರಿನಲ್ಲಿ ಲೆಕ್ಕ ಇರುವ ಸ್ಥಳಗಳು ಎರಡು. ಒಂದು ರ್ಯಾಮ್ ಎಂಬ ತಾತ್ಕಾಲಿಕ ನೆನಪು, ಇನ್ನೊಂದು ಡಿಸ್ಕು. ರ್ಯಾಮ್ ಎಂಬುದು ಕಣವಿದ್ದಂತೆ, ಡಿಸ್ಕು ಕಣಜವಿದ್ದಂತೆ. ಒಕ್ಕಿದ ರಾಶಿ ಕಣದಲ್ಲಿರುವಾಗ ಮಳೆ ಬಂದರೆ ಏನಾಗುವುದೆಂದು ನಿಮಗೆ ಹೇಳಬೇಕಾದುದಿಲ್ಲ. ಹಾಗೆಯೇ ರ್ಯಾಮಿನಲ್ಲಿದ್ದ ಲೆಕ್ಕ, ವಿದ್ಯುತ್ತು ನಿಂತ ಕ್ಷಣವೇ ಅಳಿಸಿಹೋಗುವುದು. ಕಣಜ ಸೇರಿದ್ದು ಮಾತ್ರ ಉಳಿಯುವುದು.

‘ಶಟ್ ಡೌನ್’ ಎಂಬ ಗುಂಡಿಯನ್ನು ಒತ್ತಿದಾಗ ಯಂತ್ರವು ತಟ್ಟನೆ ಆರುವುದಿಲ್ಲ. ವಿಂಡೋಸ್ ಎಂಬ ಮೇಸ್ತ್ರಿಯು ತೆರೆದಿರುವ ಪ್ರತಿಯೊಂದು ಪ್ರೋಗ್ರಾಮನ್ನೂ ಕರೆದು, ‘ನಿನ್ನ ಕೆಲಸ ಮುಗಿಸು, ಲೆಕ್ಕ ಬರೆದಿಡು, ಹೊರಡು’ ಎನ್ನುತ್ತಾನೆ. ಅವು ಹೋದ ಮೇಲೆ, ಪರದೆಯ ಹಿಂದೆ ಕಾಣದಂತೆ ಕೆಲಸ ಮಾಡುವ ಸೇವಾ ಪ್ರೋಗ್ರಾಮುಗಳನ್ನು ಕಳಿಸುತ್ತಾನೆ. ಕಣದಲ್ಲಿ ಉಳಿದ ಕಾಳನ್ನೆಲ್ಲ ಗುಡಿಸಿ ಕಣಜಕ್ಕೆ ಹಾಕುತ್ತಾನೆ. ಕಟ್ಟಕಡೆಗೆ ದೀಪ ಆರಿಸುತ್ತಾನೆ. ಯಾವುದಾದರೊಂದು ಪ್ರೋಗ್ರಾಮು ಸುಮಾರು ೫ ಸೆಕೆಂಡಿನೊಳಗೆ ಓಗೊಡದಿದ್ದರೆ, ವಿಂಡೋಸ್ ಅದರ ಹೆಸರನ್ನು ಪರದೆಯ ಮೇಲೆ ಬರೆದು ನಿಮ್ಮನ್ನು ಕೇಳುತ್ತದೆ. ಇದಕ್ಕೆ ಗಾಬರಿ ಬೀಳಬೇಕಾದುದಿಲ್ಲ. ಯಂತ್ರ ಕೆಟ್ಟಿದೆಯೆಂಬುದಲ್ಲ ಇದರ ಅರ್ಥ. ಒಬ್ಬ ಆಳು ಇನ್ನೂ ಹೊಲದಿಂದ ಬಂದಿಲ್ಲ ಎಂಬುದಷ್ಟೇ.

ಇದು ಹಳೆಯ ತೊಂದರೆಯೂ ಹೌದು. ೧೯೯೫ರ ವಿಂಡೋಸಿನಲ್ಲಿ ಅನೇಕ ಯಂತ್ರಗಳು ತಾವಾಗಿ ಆರುತ್ತಿರಲಿಲ್ಲ. ‘ಈಗ ಆರಿಸಲು ಭಯವಿಲ್ಲ’ ಎಂಬರ್ಥದ ಬರಹ ಪರದೆಯ ಮೇಲೆ ಬಂದ ಮೇಲೆ ಕೈಯಿಂದಲೇ ಸ್ವಿಚ್ಚು ಒತ್ತಬೇಕಾಗಿತ್ತು. ೧೯೯೯ರಲ್ಲಿ ಬಂದ ವಿಂಡೋಸ್ ೯೮ರ ಎರಡನೆಯ ಆವೃತ್ತಿಯು ಆರುವಾಗಲೇ ಸಿಕ್ಕಿಕೊಳ್ಳುವುದೆಂದು ಎಷ್ಟು ದೂರು ಬಂದವೆಂದರೆ, ಮೈಕ್ರೋಸಾಫ್ಟ್ ಕಂಪೆನಿಯವರು ಅದಕ್ಕೆಂದೇ ಒಂದು ತಿದ್ದುಪಡಿಯನ್ನು ಹೊರತರಬೇಕಾಯಿತು. ಮಾಡಿದವರಿಗೇ ಇಷ್ಟು ಕಷ್ಟವಾದದ್ದಕ್ಕೆ ನಮ್ಮ ಸಂಘದ ಕಾರ್ಯದರ್ಶಿಗಳು ನಾಚಬೇಕಾದ ಕಾರಣವಿಲ್ಲ.

ನಾಲ್ಕು ಬಗೆಯ ನಿಲುಗಡೆ

ಯಂತ್ರ ನಿಂತಾಗ ಮೊದಲು ಕೈ ಕಟ್ಟಿಕೊಂಡು ಪರದೆಯನ್ನು ಓದಬೇಕು. ಬರಹವನ್ನು ಒಂದು ಪುಸ್ತಕದಲ್ಲಿ ಇದ್ದದ್ದು ಇದ್ದಂತೆ ಬರೆದುಕೊಳ್ಳಬೇಕು. ಇಲ್ಲವೆ ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು. ರೋಗದ ಎಲೆಯನ್ನು ತಾರದೆ ‘ಬೆಳೆ ಒಣಗುತ್ತಿದೆ’ ಎಂದರೆ ನಾನು ಔಷಧ ಹೇಳಲಾರೆ. ರಿಪೇರಿಯವನಿಗೂ ಹಾಗೆಯೇ.

ಮೊದಲನೆಯ ಬಗೆ: ಪ್ರೋಗ್ರಾಮಿನ ಹೆಸರು ಹೇಳಿ, ಇದು ಆರಲು ಬಿಡುತ್ತಿಲ್ಲ ಎಂದು ತೋರಿಸುವುದು. ಅಲ್ಲಿ ಎರಡು ಗುಂಡಿಗಳಿರುತ್ತವೆ. ‘ಶಟ್ ಡೌನ್ ಎನಿವೇ’ ಎಂದರೆ ಏನಾದರಾಗಲಿ ಆರಿಸು ಎಂದರ್ಥ. ‘ಕ್ಯಾನ್ಸಲ್’ ಎಂದರೆ ಸದ್ಯಕ್ಕೆ ಬೇಡ ಎಂದರ್ಥ. ‘ಕ್ಯಾನ್ಸಲ್’ ಒತ್ತಿ ಹಿಂದಿರುಗಿ, ಆ ಪ್ರೋಗ್ರಾಮಿನಲ್ಲಿ ಉಳಿಸಬೇಕಾದುದನ್ನು ಉಳಿಸಿ, ಅದನ್ನು ಕೈಯಾರೆ ಮುಚ್ಚಿ, ಆಮೇಲೆ ಆರಿಸತಕ್ಕದ್ದು. ಅದರಲ್ಲಿ ಉಳಿಸುವಂಥದ್ದು ಏನೂ ಇಲ್ಲವೆಂದು ಖಾತ್ರಿಯಿದ್ದರೆ ಮಾತ್ರ ಮೊದಲನೆಯ ಗುಂಡಿ.

ಎರಡನೆಯ ಬಗೆ: ‘ಅಪ್‌ಡೇಟ್’ ನಡೆಯುತ್ತಿದೆ, ಯಂತ್ರವನ್ನು ಆರಿಸಬೇಡಿ ಎಂಬ ಬರಹ, ಜೊತೆಗೆ ನೂರಕ್ಕೆ ಇಷ್ಟು ಎಂಬ ಅಂಕಿ. ಇದು ಕಾಯುವ ಕೆಲಸ. ಹಳೆಯ ಯಂತ್ರದಲ್ಲಿ ಒಂದು ಗಂಟೆಯೂ ಹಿಡಿಯಬಹುದು. ಅಂಕಿ ಬಹಳ ಹೊತ್ತು ಒಂದೇ ಕಡೆ ನಿಲ್ಲಲೂಬಹುದು. ನಡುವೆ ಕರೆಂಟು ಕಿತ್ತರೆ ಮಾರನೆಯ ಬೆಳಿಗ್ಗೆ ಯಂತ್ರ ಏಳದೆ ಹೋಗುವ ಅಪಾಯವುಂಟು. ಕರೆಂಟು ಹೋಗುವ ಹೊತ್ತು ಹತ್ತಿರವಾದಾಗ ಅಪ್‌ಡೇಟಿಗೆ ಕೈ ಹಾಕಕೂಡದು. ಬೆಳಗಿನ ಹಾಲು ಮುಗಿದ ಮೇಲಿನ ಬಿಡುವು ಅದಕ್ಕೆ ಒಳ್ಳೆಯ ಸಮಯ.

ಮೂರನೆಯ ಬಗೆ: ಒಂದು ಚಿಕ್ಕ ಚೌಕದಲ್ಲಿ ಉದ್ದನೆಯ ಅಂಕಿಗಳು ಬಂದು, ‘ಮೆಮೊರಿಯನ್ನು ಓದಲಾಗಲಿಲ್ಲ’ ಎಂಬರ್ಥದ ಬರಹ ಬರುವುದು. ಒಂದು ಪ್ರೋಗ್ರಾಮು ತನ್ನದಲ್ಲದ ಸರ್ವೆ ನಂಬರಿನಲ್ಲಿ ಕಾಲಿಟ್ಟಿತು, ವಿಂಡೋಸ್ ಅದನ್ನು ತಡೆಯಿತು ಎಂಬುದು ಇದರ ತಾತ್ಪರ್ಯ. ಆ ಉದ್ದನೆಯ ಅಂಕಿ ಆ ಜಾಗದ ಗುರುತು. ಎಂದೋ ಒಮ್ಮೆ ಬಂದರೆ ‘ಓಕೆ’ ಒತ್ತಿ ಮುಂದುವರಿಯಬಹುದು. ದಿನಾಲೂ ಬಂದರೆ ಚೌಕದ ನೆತ್ತಿಯ ಮೇಲಿರುವ ಪ್ರೋಗ್ರಾಮಿನ ಹೆಸರನ್ನು ಬರೆದುಕೊಂಡು, ಅದನ್ನು ಕೊಟ್ಟವರಿಂದ ಹೊಸ ಆವೃತ್ತಿಯನ್ನು ಹಾಕಿಸಬೇಕು.

ನಾಲ್ಕನೆಯ ಬಗೆ: ಹೆಸರಿಲ್ಲ, ಅಂಕಿಯಿಲ್ಲ, ಬರಿಯ ಚಕ್ರ ಸುತ್ತುವುದು. ಆಗ ಪೆಟ್ಟಿಗೆಯ ಮೇಲೆ ಡಿಸ್ಕಿನ ಚಿಕ್ಕ ದೀಪವಿದ್ದರೆ ಅದನ್ನು ನೋಡಿ. ಅದು ಮಿನುಗುತ್ತಿದ್ದರೆ ಒಳಗೆ ಕೆಲಸ ಸಾಗಿದೆ, ಕಾಯಿರಿ. ಅರ್ಧ ಗಂಟೆ ಕಳೆದರೂ ದೀಪ ಮಿನುಗದೆ, ಪರದೆಯೂ ಕದಲದಿದ್ದರೆ, ಪೆಟ್ಟಿಗೆಯ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಆರುವುದು. ಇದು ಕೊನೆಯ ಉಪಾಯ. ದಿನದ ಪದ್ಧತಿಯಾಗಕೂಡದು.

ಕಾರಣ ಹುಡುಕುವ ಬಗೆ

ದಿನಾಲೂ ಹೀಗೆಯೇ ಆಗುತ್ತಿದ್ದರೆ ಕಾರಣ ಹುಡುಕಲೇಬೇಕು. ಹತ್ತು ಕಡೆ ಒಮ್ಮೆಗೇ ಕೈ ಹಾಕಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಆರಿಸಿ ನೋಡಬೇಕು.

ಮೊದಲು ಹೊರಗಿನ ತಂತಿಗಳು. ಹಾಲಿನ ಪ್ರೋಗ್ರಾಮನ್ನು ಮುಚ್ಚಿದ ಮೇಲೆ, ಒಂದು ದಿನ ಪ್ರಿಂಟರಿನ ತಂತಿ, ಮಾರನೆಯ ದಿನ ಜಿಡ್ಡು ಅಳೆಯುವ ಯಂತ್ರದ ತಂತಿ, ಇನ್ನೊಂದು ದಿನ ಪೆನ್ ಡ್ರೈವ್, ಹೀಗೆ ಒಂದೊಂದನ್ನೇ ಬಿಡಿಸಿ ಆರಿಸಿ ನೋಡಿ. ಯಾವುದನ್ನು ಬಿಡಿಸಿದಾಗ ಸಲೀಸಾಗಿ ಆರಿತೋ ಅದರ ಡ್ರೈವರ್ ಪ್ರೋಗ್ರಾಮನ್ನು ಬದಲಿಸಬೇಕು.

ಎರಡನೆಯದು, ವೈರಸ್ ತಡೆಯುವ ಪ್ರೋಗ್ರಾಮುಗಳು. ಯಾರೋ ಹೇಳಿದರೆಂದು ಎರಡು ಮೂರು ಹಾಕಿಕೊಂಡಿರುತ್ತಾರೆ. ಒಂದು ಹೊಲಕ್ಕೆ ಇಬ್ಬರು ಕಾವಲುಗಾರರಿದ್ದರೆ ಕತ್ತಲಲ್ಲಿ ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸುವರು. ಒಂದನ್ನಿಟ್ಟುಕೊಂಡು ಉಳಿದುದನ್ನು ತೆಗೆಯಿರಿ.

ಮೂರನೆಯದು, ಯಂತ್ರದೊಡನೆ ತಾವಾಗಿ ಏಳುವ ಪ್ರೋಗ್ರಾಮುಗಳು. ‘ಎಂಎಸ್‌ಕಾನ್ಫಿಗ್’ ಎಂಬಲ್ಲಿ, ಮೊದಲು ಮೈಕ್ರೋಸಾಫ್ಟಿನ ಸೇವೆಗಳನ್ನು ಮರೆಮಾಡುವ ಚೌಕಕ್ಕೆ ಗುರುತು ಹಾಕಿ, ಉಳಿದವುಗಳಲ್ಲಿ ಅರ್ಧವನ್ನು ನಿಲ್ಲಿಸಿ ನೋಡಬೇಕು. ತೊಂದರೆ ಹೋದರೆ ಕಳ್ಳ ನಿಲ್ಲಿಸಿದ ಅರ್ಧದಲ್ಲಿದ್ದಾನೆ. ಹೋಗದಿದ್ದರೆ ಉಳಿದ ಅರ್ಧದಲ್ಲಿದ್ದಾನೆ. ಹದಿನಾರಿದ್ದರೆ ಎಂಟು, ಎಂಟರಲ್ಲಿ ನಾಲ್ಕು, ನಾಲ್ಕರಲ್ಲಿ ಎರಡು, ಎರಡರಲ್ಲಿ ಒಂದು. ನಾಲ್ಕೇ ಸಲಕ್ಕೆ ಕಳ್ಳ ಸಿಕ್ಕುವನು. ಆಮೇಲೆ ಉಳಿದವನ್ನು ಮೊದಲಿನಂತೆ ಮಾಡಿಡಬೇಕು.

ಇನ್ನೊಂದು ಗುಟ್ಟು. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಈಚೆಗೆ, ಬೇಗ ಏಳಲೆಂದು ಯಂತ್ರವು ತನ್ನ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ಆರುತ್ತದೆ. ಇದಕ್ಕೆ ‘ಫಾಸ್ಟ್ ಸ್ಟಾರ್ಟಪ್’ ಎಂದು ಹೆಸರು. ಹೀಗಾಗಿ ‘ಶಟ್ ಡೌನ್’ ಮಾಡಿ ಎಬ್ಬಿಸಿದರೂ ಹಳೆಯ ಗಂಟು ಹಾಗೆಯೇ ಉಳಿಯಬಹುದು. ‘ರೀಸ್ಟಾರ್ಟ್’ ಮಾಡಿದರೆ ಯಂತ್ರ ಪೂರ್ತಿ ಹೊಸದಾಗಿ ಏಳುವುದು. ತೊಂದರೆ ಕಂಡಾಗ ಒಮ್ಮೆ ‘ರೀಸ್ಟಾರ್ಟ್’ ಮಾಡಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುವುದು.

ಯಂತ್ರದ ದಿನಚರಿ

ಕಂಪ್ಯೂಟರು ತಾನೇ ಒಂದು ದಿನಚರಿಯನ್ನು ಬರೆಯುತ್ತದೆ. ಅದನ್ನು ‘ಈವೆಂಟ್ ವ್ಯೂಯರ್’ ಎಂಬಲ್ಲಿ ಓದಬಹುದು. ೧೦೭೪ ಎಂಬ ಸಂಖ್ಯೆಯಿದ್ದರೆ ಯಾರೋ ಅಥವಾ ಯಾವುದೋ ಪ್ರೋಗ್ರಾಮು ಕ್ರಮವಾಗಿ ಆರಿಸಲು ಹೇಳಿತೆಂದು ಅರ್ಥ. ೪೧ ಅಥವಾ ೬೦೦೮ ಇದ್ದರೆ ಕ್ರಮವಿಲ್ಲದೆ ಆರಿತೆಂದು ಅರ್ಥ. ೬೦೦೮ರಲ್ಲಿ ಆರಿದ ಗಂಟೆ ನಿಮಿಷವೂ ಇರುತ್ತದೆ.

ಇದರಿಂದೇನು ಪ್ರಯೋಜನವೆಂದು ಕೇಳುವಿರೋ? ಒಂದು ಊರಿನ ಸಂಘದಲ್ಲಿ ಒಂದು ಸಂಜೆಯ ಹಾಲಿನ ಲೆಕ್ಕ ಅರ್ಧದಷ್ಟು ಕಾಣೆಯಾಯಿತು. ಕಡೆಯಲ್ಲಿ ಹಾಲು ಹಾಕಿದವರು, ‘ನಮ್ಮ ಹಾಲನ್ನು ಕಾರ್ಯದರ್ಶಿಯೇ ನುಂಗಿದ’ ಎಂದರು. ಆತ ಕಣ್ಣಲ್ಲಿ ನೀರು ತಂದುಕೊಂಡು ಕೆಲಸ ಬಿಡುತ್ತೇನೆಂದ. ಎರಡು ಕೇರಿಗಳು ಮಾತು ಬಿಡುವವರೆಗೆ ಬಂದಿತ್ತು. ದಿನಚರಿಯನ್ನು ತೆಗೆದು ನೋಡಿದಾಗ ೬೦೦೮ರ ನಮೂದು ಸಿಕ್ಕಿತು. ಯಂತ್ರ ಸಿಕ್ಕಿಕೊಂಡಿದೆಯೆಂದು ಸದಸ್ಯರೊಬ್ಬರು ಗೋಡೆಯ ಸ್ವಿಚ್ಚನ್ನು ಆರಿಸಿದ ಹೊತ್ತಿಗೂ ಅದಕ್ಕೂ ಸರಿಹೊಂದಿತು. ಸದಸ್ಯರು ಇಟ್ಟುಕೊಂಡಿದ್ದ ಚೀಟಿಗಳನ್ನು ಕೂಡಿಸಿ ಲೆಕ್ಕವನ್ನು ಮತ್ತೆ ಬರೆಯಲಾಯಿತು. ಹಾಲಿನ ಲೆಕ್ಕ ಕೂಡಿತು. ಆಡಿದ ಮಾತನ್ನು ಹಿಂತೆಗೆದುಕೊಳ್ಳಲು ಮಾತ್ರ ಬಹಳ ದಿನ ಹಿಡಿಯಿತು. ಸಹಕಾರ ಸಂಘ ನಿಂತಿರುವುದು ನಂಬಿಕೆಯ ಮೇಲೆ. ಒಂದು ಸ್ವಿಚ್ಚಿನ ಅವಸರಕ್ಕೆ ಅದನ್ನು ಬಲಿ ಕೊಡಬಾರದು.

ಕರೆಂಟು ಮತ್ತು ಮೋಸ

ನಮ್ಮ ಹಳ್ಳಿಗಳಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಅದಕ್ಕೇ ಯುಪಿಎಸ್ ಎಂಬ ಬ್ಯಾಟರಿ ಪೆಟ್ಟಿಗೆ ಬೇಕು. ಚಿಕ್ಕ ಯುಪಿಎಸ್ ಕೆಲಸ ಮುಂದುವರಿಸುವುದಕ್ಕಲ್ಲ. ಲೆಕ್ಕ ಉಳಿಸಿ ಕ್ರಮವಾಗಿ ಆರಿಸುವುದಕ್ಕೆ ಕೆಲವು ನಿಮಿಷ ಕೊಡುವುದಷ್ಟೇ ಅದರ ಕೆಲಸ. ಅದರ ಬ್ಯಾಟರಿ ವರ್ಷ ಕಳೆದಂತೆ ಸವೆಯುವುದು. ಆಗಾಗ ಪರೀಕ್ಷಿಸಿ ಬದಲಿಸಬೇಕು.

ಇನ್ನು ಮೋಸದ ಬರಹಗಳು. ಇಂಟರ್ನೆಟ್ ನೋಡುವಾಗ ಪರದೆ ತುಂಬ ಕೆಂಪು ಬರಹ ಬಂದು, ಗಂಟೆ ಬಾರಿಸಿ, ‘ಕೂಡಲೇ ಈ ನಂಬರಿಗೆ ಫೋನ್ ಮಾಡಿ’ ಎನ್ನುವುದುಂಟು. ಮೈಕ್ರೋಸಾಫ್ಟಿನ ನಿಜವಾದ ದೋಷದ ಬರಹದಲ್ಲಿ ಫೋನ್ ನಂಬರು ಇರುವುದೇ ಇಲ್ಲ. ನಂಬರು ಕಂಡರೆ ಅದು ಕಳ್ಳರ ಬಲೆಯೆಂದು ತಿಳಿದು, ಪುಟವನ್ನು ಮುಚ್ಚಿರಿ. ಅವರಿಗೆ ಫೋನ್ ಮಾಡಿ ಹಣ ಕಳೆದುಕೊಂಡಿದ್ದರೆ ತಡಮಾಡದೆ ೧೯೩೦ಕ್ಕೆ ದೂರು ಕೊಡಿ. ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದೂ, ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದೂ ಕಂಪೆನಿಯ ಸಾಮಾನ್ಯ ಬೆಂಬಲ ಮುಗಿದಿದೆ. ಸಂಘದ ಯಂತ್ರ ಯಾವುದರಲ್ಲಿ ನಡೆಯುತ್ತಿದೆಯೆಂದು ಆಡಳಿತ ಮಂಡಲಿಯವರು ವಿಚಾರಿಸುವುದು ಒಳ್ಳೆಯದು.

ಗೋಡೆಗೆ ಅಂಟಿಸತಕ್ಕ ಮಾತುಗಳು

೧. ಕಡೆಯ ಹಾಲು ಬಂದ ಮೇಲೆ ಮೊದಲು ಲೆಕ್ಕ ಉಳಿಸಿ. ಅದರ ಒಂದು ಪ್ರತಿಯನ್ನು ಪೆನ್ ಡ್ರೈವಿಗೆ ತೆಗೆಯಿರಿ.
೨. ಎಲ್ಲ ಪ್ರೋಗ್ರಾಮುಗಳನ್ನು ಕೈಯಾರೆ ಮುಚ್ಚಿ, ಆಮೇಲೆ ‘ಶಟ್ ಡೌನ್’ ಒತ್ತಿರಿ.
೩. ಬರಹ ಬಂದರೆ ಓದಿ, ತಾರೀಖು ಸಮೇತ ಬರೆದಿಡಿ.
೪. ಪೆಟ್ಟಿಗೆಯ ದೀಪ ಪೂರ್ತಿ ಆರಿದ ಮೇಲೆಯೇ ಗೋಡೆಯ ಸ್ವಿಚ್ಚು ಮುಟ್ಟಿರಿ.
೫. ಸದಸ್ಯರು ತಮ್ಮ ಹಾಲಿನ ಚೀಟಿಯನ್ನು ಬಟವಾಡೆಯಾಗುವವರೆಗೆ ಎಸೆಯಕೂಡದು.

ಬಾಂಧವರೇ, ಸಂಜೆ ಎತ್ತಿನ ನೊಗ ಬಿಚ್ಚಿ, ನೀರು ಕುಡಿಸಿ, ಮೇವು ಹಾಕದೆ ನಾವು ಮಲಗುವುದಿಲ್ಲ. ಸಂಘದ ಯಂತ್ರವೂ ನಮ್ಮ ದುಡಿಮೆಯ ಹೊರೆ ಹೊತ್ತದ್ದೇ. ಅದರ ನೊಗ ಬಿಚ್ಚಲು ಐದು ನಿಮಿಷ ಕೊಡೋಣ. ಕಾರ್ಯದರ್ಶಿಯವರಿಗೆ ಅವಸರ ಮಾಡದಿರೋಣ.