ಒಂದೇ ಅಳತೆಯ ಬಲೆ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನಿಗೆ ಕಡಲಿನ ವಿಷಯ ಯಾಕೆ ಎಂದು ನಿಮಗೆ ಅನ್ನಿಸಬಹುದು. ಒಂದು ಕಂಪ್ಯೂಟರ್ ಬರೆದಿಟ್ಟ ಲೆಕ್ಕ ಇನ್ನೊಂದಕ್ಕೆ ಅರ್ಥವಾಗುವ ಹಾಗೆ ಮಾಡುವುದು ನನ್ನ ಕೆಲಸ. ಕಡಲಿನ ಸಂಶೋಧನೆಯಲ್ಲಿ ದೇಶಗಳು ಒಟ್ಟಾದದ್ದೂ ಹೀಗೆಯೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಕ್ರಿಪ್ಸ್ ಎಂಬ ಸಾಗರ ವಿಜ್ಞಾನ ಸಂಸ್ಥೆ ಇದೆ. 1903ರಲ್ಲಿ ಸಣ್ಣದಾಗಿ ಶುರುವಾಗಿ, 1912ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತು. ಅದರ ನಿರ್ದೇಶಕರಾಗಿದ್ದ ರೋಜರ್ ರೆವೆಲ್, 1957ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಾಗರ ಸಂಶೋಧನಾ ಸಮಿತಿಗೆ ಮೊದಲ ಅಧ್ಯಕ್ಷರಾದರು. ಆಗ ಹಿಂದೂ ಮಹಾಸಾಗರದ ಬಗ್ಗೆ ಜಗತ್ತಿಗೆ ಗೊತ್ತಿದ್ದದ್ದು ಬಹಳ ಕಡಿಮೆ. ಆ ಸಮಿತಿ ಯೋಜಿಸಿದ ಹಿಂದೂ ಮಹಾಸಾಗರ ಯಾನದಲ್ಲಿ, 1960ರ ದಶಕದ ಮೊದಲ ವರ್ಷಗಳಲ್ಲಿ, ಹತ್ತಕ್ಕೂ ಹೆಚ್ಚು ದೇಶಗಳ 40ಕ್ಕೂ ಹೆಚ್ಚು ಹಡಗುಗಳು ಬಂದವು.

ನನಗೆ ಇಷ್ಟವಾದ ಸಂಗತಿ ಹಡಗುಗಳದ್ದಲ್ಲ, ಬಲೆಯದ್ದು. ಪ್ಲಾಂಕ್ಟನ್ ಎಂಬ ಸಣ್ಣ ಜೀವಿಗಳನ್ನು ಹಿಡಿಯಲು ಒಬ್ಬೊಬ್ಬರು ಒಂದೊಂದು ಬಲೆ ತಂದರೆ ಹೋಲಿಸುವುದು ಹೇಗೆ? ಅದಕ್ಕೆಂದೇ ಒಂದೇ ಅಳತೆಯ ಬಲೆ ಮಾಡಿ, 200 ಮೀಟರ್ ಆಳದಿಂದ ಎಳೆಯಬೇಕೆಂದು ನಿಯಮ ಇಟ್ಟರು. ನಮ್ಮ ದೋಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಲೆಯ ಕಣ್ಣು ಬದಲಾದರೆ ಸಿಗುವ ಮೀನೂ ಬದಲಾಗುತ್ತದೆ. ಹಾಗೆ ಹಿಡಿದ ಮಾದರಿಗಳು ವಿಂಗಡಣೆಗೆ ಬಂದದ್ದು ಕೊಚ್ಚಿಗೆ. ಯುನೆಸ್ಕೋ ನೆರವಿನಿಂದ ಅಲ್ಲಿ ಕೇಂದ್ರ ತೆರೆದಿತ್ತು. ಮಾದರಿಗಳೆಲ್ಲ ನೇರ ಹೊರದೇಶಕ್ಕೆ ಹೋಗಿದ್ದರೆ ನಮಗೆ ಸಿಗುತ್ತಿದ್ದದ್ದು ವರದಿಯ ಕೊನೆಯಲ್ಲಿ ಒಂದು ಸಾಲು ಧನ್ಯವಾದ ಅಷ್ಟೇ. ಕೆಲಸ ಇಲ್ಲಿ ನಡೆದದ್ದರಿಂದ ಕೆಲಸ ಬಲ್ಲವರೂ ಇಲ್ಲಿ ತಯಾರಾದರು. 1966ರಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು, ಈಗ ಗೋವಾದಲ್ಲಿದೆ.

ಇಂದಿನ ಬಲೆಯ ಹೆಸರು ಆರ್ಗೋ. ಸ್ಕ್ರಿಪ್ಸ್‌ನ ವಿಜ್ಞಾನಿಗಳೂ ಮುಂದೆ ನಿಂತು ಕಟ್ಟಿದ್ದು. ಕೊಳವೆಯಂಥ ತೇಲುಯಂತ್ರ 1000 ಮೀಟರ್ ಆಳದಲ್ಲಿ ಅಲೆಯುತ್ತದೆ. ಸುಮಾರು ಹತ್ತು ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು, ಮೇಲೆ ಬರುತ್ತಾ ನೀರಿನ ಬಿಸಿ ಮತ್ತು ಉಪ್ಪಿನಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತದೆ. ಯಾವ ದೇಶ ಬಿಟ್ಟ ಯಂತ್ರವಾದರೂ ಫೈಲಿನ ಮಾದರಿ ಒಂದೇ, ಮಾಹಿತಿ ಎಲ್ಲರಿಗೂ ಉಚಿತ. ಭಾರತದ ಪಾಲಿನ ಕೆಲಸ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯದು. ಮುಂಗಾರಿನ ಮುನ್ಸೂಚನೆಯ ಲೆಕ್ಕಕ್ಕೂ ಈ ಅಂಕಿಗಳು ಬೇಕು. ಒಪ್ಪಂದಕ್ಕೆ ಸಹಿ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆಸಿಕೊಳ್ಳುವ ಸಹಯೋಗಗಳನ್ನು ನಾನೂ ಕಂಡಿದ್ದೇನೆ. ಮರುವರ್ಷ ಕೇಳಿದರೆ ಕಾಗದ ಎಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಮಕ್ಕಳೇ, ಕಡಲಿನ ಓದಿಗೆ ಅಮೆರಿಕಕ್ಕೇ ಹೋಗಬೇಕಿಲ್ಲ. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ತೆರೆದದ್ದು ನಮ್ಮ ಮಂಗಳೂರಿನಲ್ಲಿ.

ಹಿರಿಯರಲ್ಲಿ ಒಂದು ಬೇಡಿಕೆ. ಬಂಗುಡೆ, ಬೂತಾಯಿ ಯಾವ ವರ್ಷ ಬಂತು, ಯಾವ ವರ್ಷ ಬರಲಿಲ್ಲ ಎಂಬ ಲೆಕ್ಕ ನಿಮ್ಮ ತಲೆಯಲ್ಲಿದೆ, ಕಾಗದದಲ್ಲಿಲ್ಲ. ನಿಮ್ಮ ನಂತರ ಅದನ್ನು ಯಾರಲ್ಲಿ ಕೇಳುವುದು? ಮಹೋತ್ಸವದ ಹಣದಲ್ಲಿ ಸ್ವಾಗತ ಕಮಾನು ಆಗಲಿ, ಬೇಡ ಅನ್ನುವುದಿಲ್ಲ. ಉಳಿದದ್ದರಲ್ಲಿ ಎರಡು ಒಳ್ಳೆಯ ಥರ್ಮಾಮೀಟರ್, ಒಂದು ದಪ್ಪ ರಿಜಿಸ್ಟರ್ ತರೋಣ. ಒಂಬತ್ತನೇ ತರಗತಿಯವರು ದಿನಾ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಕಡಲ ನೀರಿನ ಬಿಸಿ ಬರೆಯಲಿ. ಪಕ್ಕದಲ್ಲಿ ಆ ದಿನ ದಡಕ್ಕೆ ಬಂದ ಮೀನಿನ ಹೆಸರು. ದೊಡ್ಡವರೊಬ್ಬರು ಜೊತೆಗಿರಬೇಕು, ಮಳೆಗಾಲದಲ್ಲಂತೂ ಮಕ್ಕಳು ನೀರಿನ ಹತ್ತಿರ ಹೋಗಕೂಡದು. ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ನಾಳೆ ಹತ್ತು ಗಂಟೆಗೆ ಕಂಪ್ಯೂಟರ್ ಕೋಣೆಯಲ್ಲಿ ಇರುತ್ತೇನೆ, ಅರಬ್ಬೀ ಸಮುದ್ರದ ಆರ್ಗೋ ಫೈಲೊಂದನ್ನು ತೆರೆದು ತೋರಿಸುತ್ತೇನೆ. ದೋಣಿಯವರೂ ಬನ್ನಿ.