ಔಷಧವ್ಯಸನದ ನಿದಾನ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಮನುಷ್ಯನಿಗೆ ಅಂಟಿಕೊಳ್ಳುವ ವ್ಯಸನಗಳು ಬಹುವಿಧವಾಗಿರುವವು. ಮದ್ಯಪಾನ, ಜೂಜು, ಗಾಂಜಾ ಮೊದಲಾದವುಗಳನ್ನು ಕುರಿತು ಇಂಥ ವೇದಿಕೆಗಳ ಮೇಲೆ ಹಲವು ಸಲ ಉಪದೇಶಗಳಾಗಿರುವವು. ಆ ವ್ಯಸನಗಳಿಗೆ ಒಂದು ಲಕ್ಷಣವುಂಟು. ಅವು ವ್ಯಸನಗಳೆಂದು ಮನುಷ್ಯನಿಗೆ ಮೊದಲೇ ಗೊತ್ತಿರುವದು. ಸೆರೆಯಂಗಡಿಯ ಮೆಟ್ಟಲನ್ನು ಏರುವವನು ತಾನು ಎಲ್ಲಿಗೆ ಹೋಗುತ್ತಿರುವೆನೆಂಬದನ್ನು ಅರಿತೇ ಏರುವನು. ಈ ದಿನದ ವಿಷಯವಾದ ವ್ಯಸನವು ಹಾಗಲ್ಲ. ಅದು ವೈದ್ಯರ ಚೀಟಿಯ ರೂಪದಿಂದ ಮನೆಯೊಳಗೆ ಬರುವದು. ತಾಯಿಯೇ ಅದನ್ನು ನೀರಿನೊಡನೆ ಮಗನ ಕೈಗೆ ಕೊಡುವಳು. ರೋಗವನ್ನು ಕಳೆಯಲೆಂದು ಬಂದ ಔಷಧವೇ ರೋಗವಾಗಿ ನಿಲ್ಲುವ ಈ ವಿಪರೀತಕ್ಕೆ ಔಷಧವ್ಯಸನವೆಂದು ಹೆಸರು. ಇದರ ವ್ಯಾಪ್ತಿ ಎಷ್ಟು, ಪರಿಣಾಮಗಳೇನು, ಕಾರಣಗಳಾವವು ಎಂಬ ಮೂರು ಅಂಶಗಳನ್ನು ಅಮೇರಿಕಾ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಒಂದು ದೊಡ್ಡ ಅನರ್ಥದ ಆಧಾರದಿಂದ ಇಲ್ಲಿ ವಿಚಾರಿಸಲಾಗುವದು. ದೂರದೇಶದ ಮಾತು ಇಲ್ಲಿಯವರ ಕಿವಿಗೆ ಏಕೆ ಬೀಳಬೇಕೆಂಬದು ಕಡೆಯಲ್ಲಿ ತಿಳಿದುಬರುವದು.

ಮೊದಲು ಆ ದ್ರವ್ಯದ ಸ್ವರೂಪವನ್ನು ತಿಳಿಯಬೇಕು. ಗಸಗಸೆ ಗಿಡದ ಹಸಿಯ ಕಾಯಿಗಳನ್ನು ಗೀರಿದಾಗ ಒಸರುವ ಹಾಲೇ ಒಣಗಿ ಅಫೀಮಾಗುವದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಔಷಧಕಾರನು ಅದರಿಂದ ಮಾರ್ಫಿನ್ ಎಂಬ ಸಾರವನ್ನು ಬೇರ್ಪಡಿಸಿದನು. ೧೮೯೮ರಲ್ಲಿ ಬೇಯರ್ ಎಂಬ ಜರ್ಮನ್ ಕಂಪನಿಯು ಮಾರ್ಫಿನ್ನಿನಿಂದ ಸಿದ್ಧಪಡಿಸಿದ ಹೆರಾಯಿನ್ ಎಂಬದನ್ನು ಕೆಮ್ಮಿನ ಔಷಧವೆಂದು ಮಾರತೊಡಗಿತು; ಇದು ಮಾರ್ಫಿನ್ನಿನಂತೆ ಚಟ ಹತ್ತಿಸುವದಿಲ್ಲವೆಂದು ಆಗ ಜನರನ್ನು ನಂಬಿಸಲಾಯಿತು. ಆ ನಂಬಿಕೆ ಸುಳ್ಳೆಂದು ತಿಳಿಯಲಿಕ್ಕೆ ಬಹುಕಾಲ ಹಿಡಿಯಲಿಲ್ಲ. ೧೯೧೬ರಲ್ಲಿ ಅದೇ ದೇಶದಲ್ಲಿ ಆಕ್ಸಿಕೋಡೋನ್ ಎಂಬ ಮತ್ತೊಂದು ದ್ರವ್ಯವು ಸಿದ್ಧವಾಯಿತು. ಇವೆಲ್ಲ ಒಂದೇ ಕುಲದವು. ಈ ಕುಲಕ್ಕೆ ಓಪಿಯಾಯಿಡ್ ಎಂದು ಹೆಸರು.

ಇವು ಮೆದುಳಿನಲ್ಲಿ ನೋವಿನ ಅರಿವನ್ನು ತಗ್ಗಿಸುವ ಸ್ಥಾನಗಳನ್ನು ಹಿಡಿದು ನೋವನ್ನು ಅಡಗಿಸುವವು; ಅದರೊಡನೆ ಒಂದು ಬಗೆಯ ಸುಖವನ್ನೂ ಉಂಟುಮಾಡುವವು. ದಿನ ಕಳೆದಂತೆ ದೇಹವು ಅದಕ್ಕೆ ಒಗ್ಗಿ, ನಿನ್ನೆ ಸಾಕಾದ ಪ್ರಮಾಣವು ಇಂದಿಗೆ ಸಾಲದಾಗುವದು. ತಟ್ಟನೆ ನಿಲ್ಲಿಸಿದರೆ ನಡುಕ, ಬೆವರು, ವಾಂತಿ, ಭೇದಿ, ನಿದ್ರಾನಾಶ, ಎಲುಬುಗಳೊಳಗೆ ಹೊಕ್ಕಂಥ ನೋವು ಇವೇ ಮೊದಲಾದ ಬಾಧೆಗಳು ಮೇಲೇಳುವವು. ಆಗ ರೋಗಿಯು ಸುಖಕ್ಕಾಗಿ ಅಲ್ಲ, ಈ ಬಾಧೆಯ ಭಯದಿಂದ ಗುಳಿಗೆಯನ್ನು ನುಂಗತೊಡಗುವನು. ಇದಲ್ಲದೆ ಉಸಿರಾಟವನ್ನು ನಡೆಯಿಸುವ ಮೆದುಳಿನ ಭಾಗವನ್ನೂ ಈ ದ್ರವ್ಯಗಳು ಮಂದಗೊಳಿಸುವದರಿಂದ, ಪ್ರಮಾಣ ಮೀರಿದವನು ನಿದ್ರೆಯಲ್ಲಿಯೇ ಉಸಿರು ನಿಂತು ಸಾಯುವನು.

ಇನ್ನು ವ್ಯಾಪ್ತಿಯ ವಿಚಾರ. ೧೯೯೫ನೆಯ ಡಿಸೆಂಬರದಲ್ಲಿ ಅಮೇರಿಕದ ಔಷಧ ನಿಯಂತ್ರಣ ಇಲಾಖೆಯು ಪರ್ಡ್ಯೂ ಫಾರ್ಮಾ ಎಂಬ ಕಂಪನಿಯ ಆಕ್ಸಿಕಾಂಟಿನ್ ಎಂಬ ಗುಳಿಗೆಗೆ ಸಮ್ಮತಿಯನ್ನಿತ್ತಿತು. ೧೯೯೬ರಲ್ಲಿ ಅದರ ಮಾರಾಟವು ಪ್ರಾರಂಭವಾಯಿತು. ಆಕ್ಸಿಕೋಡೋನ್ ಮೆಲ್ಲಮೆಲ್ಲನೆ ಕರಗಿ ೧೨ ತಾಸುಗಳವರೆಗೆ ನೋವನ್ನು ತಡೆಯುವಂತೆ ಆ ಗುಳಿಗೆಯನ್ನು ರಚಿಸಲಾಗಿತ್ತು. ಮೆಲ್ಲನೆ ಕರಗುವದರಿಂದ ದುರುಪಯೋಗದ ಭಯವು ಕಡಿಮೆಯೆಂದು ಭಾವಿಸಲಾಗಿದೆ ಎಂಬರ್ಥದ ಮಾತನ್ನು ಅದರ ವಿವರಣಪತ್ರದಲ್ಲಿಯೇ ಬರೆಯಲು ಅವಕಾಶ ದೊರೆಯಿತು. ಆದರೆ ಗುಳಿಗೆಯನ್ನು ಜಜ್ಜಿ ಪುಡಿ ಮಾಡಿದರೆ ೧೨ ತಾಸಿನ ಔಷಧವೆಲ್ಲ ಒಮ್ಮೆಲೇ ದೇಹವನ್ನು ಸೇರುವದೆಂಬದನ್ನು ಜನರು ಬೇಗನೆ ಕಂಡುಕೊಂಡರು. ೧೯೯೬ರಲ್ಲಿ ೪ ಕೋಟಿ ೮೦ ಲಕ್ಷ ಡಾಲರುಗಳಷ್ಟಿದ್ದ ಇದರ ಮಾರಾಟವು ೨೦೦೦ದಲ್ಲಿ ಸುಮಾರು ೧೧೦ ಕೋಟಿ ಡಾಲರುಗಳಿಗೆ ಏರಿತು. ಬೇರೆ ಕಂಪನಿಗಳ ಇಂಥವೇ ಗುಳಿಗೆಗಳೂ ಹಬ್ಬಿದವು. ೨೦೧೨ರ ಒಂದು ವರ್ಷದಲ್ಲಿ ಆ ದೇಶದ ವೈದ್ಯರು ಈ ಕುಲದ ಔಷಧಗಳಿಗಾಗಿ ಬರೆದ ಚೀಟಿಗಳು ೨೫ ಕೋಟಿಗೂ ಮಿಕ್ಕಿದವು. ಅಂದರೆ ಪ್ರತಿ ೧೦೦ ಜನರಿಗೆ ೮೧ ಚೀಟಿಗಳು.

ದೊಡ್ಡ ಸಂಖ್ಯೆಗಳು ಮನಸ್ಸಿಗೆ ಹಿಡಿಯುವದಿಲ್ಲ. ಆದುದರಿಂದ ಒಂದು ಸಣ್ಣ ಊರಿನ ಮಾತನ್ನು ಕೇಳಬೇಕು. ಪಶ್ಚಿಮ ವರ್ಜೀನಿಯಾ ಸಂಸ್ಥಾನದಲ್ಲಿ ಕರ್ಮಿಟ್ ಎಂಬ ಊರುಂಟು. ಅಲ್ಲಿಯ ಜನಸಂಖ್ಯೆ ಸುಮಾರು ೪೦೦. ಆ ಊರಿನ ಒಂದೇ ಔಷಧದಂಗಡಿಗೆ ಎರಡು ವರ್ಷಗಳಲ್ಲಿ ಹೈಡ್ರೊಕೋಡೋನ್ ಎಂಬ ನೋವಿನ ಗುಳಿಗೆಗಳು ಸುಮಾರು ೯೦ ಲಕ್ಷ ಬಂದಿಳಿದವು. ಕಳಿಸಿದವರು ಲೆಕ್ಕವಿಟ್ಟಿದ್ದರು, ಕೊಂಡವರು ಲೆಕ್ಕವಿಟ್ಟಿದ್ದರು. ಇಷ್ಟು ಗುಳಿಗೆಗಳನ್ನು ನುಂಗುವವರು ಯಾರೆಂದು ಮಾತ್ರ ಯಾರೂ ಕೇಳಲಿಲ್ಲ. ಎರಿಕ್ ಐರ್ ಎಂಬ ಪತ್ರಕರ್ತನು ಈ ಲೆಕ್ಕವನ್ನು ಹೊರಗೆಡಹಿ ೨೦೧೭ರಲ್ಲಿ ಪುಲಿಟ್ಜರ್ ಪಾರಿತೋಷಕವನ್ನು ಪಡೆದನು.

ಪರಿಣಾಮಗಳು ಘೋರವಾದವು. ವೈದ್ಯರು ಬರೆದುಕೊಡುವ ಈ ಕುಲದ ಔಷಧಗಳ ಅತಿಸೇವನೆಯಿಂದ ಸತ್ತವರ ಸಂಖ್ಯೆ ೧೯೯೯ರಲ್ಲಿ ೩,೪೪೨ ಇದ್ದದ್ದು ೨೦೧೭ರಲ್ಲಿ ೧೭,೦೨೯ ಆಯಿತು. ೨೦೧೦ರಲ್ಲಿ ಆಕ್ಸಿಕಾಂಟಿನ್ ಗುಳಿಗೆಯನ್ನು ಸುಲಭವಾಗಿ ಪುಡಿಯಾಗದಂತೆ ಮಾರ್ಪಡಿಸಲಾಯಿತು. ಆದರೆ ಗುಳಿಗೆ ಗಟ್ಟಿಯಾದ ಮಾತ್ರಕ್ಕೆ ಚಟವು ಸಡಿಲಾಗುವದೇ? ಹಲವರು ಬೀದಿಯಲ್ಲಿ ಮಾರುವ ಹೆರಾಯಿನ್ನಿಗೆ ಹೊರಳಿದರು; ೨೦೧೩ರ ತರುವಾಯ ಅದಕ್ಕಿಂತಲೂ ಎಷ್ಟೋ ಪಾಲು ತೀಕ್ಷ್ಣವಾದ, ಕಳ್ಳತನದಿಂದ ತಯಾರಿಸಿದ ಫೆಂಟನಿಲ್ ಎಂಬದು ಬಂದು ಸೇರಿತು. ಹೀಗೆ ೧೯೯೯ರಿಂದ ೨೦೨೧ರ ವರೆಗೆ ಈ ಕುಲದ ದ್ರವ್ಯಗಳಿಂದ ಸತ್ತವರು ಸುಮಾರು ೬ ಲಕ್ಷ ೪೫ ಸಾವಿರ ಜನ. ಚಟಕ್ಕೆ ಸಿಕ್ಕ ತಾಯಂದಿರ ಹೊಟ್ಟೆಯಲ್ಲಿ ಹುಟ್ಟಿದ ಹಸುಗೂಸುಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಆ ದ್ರವ್ಯ ಸಿಗದೆ ನಡುಗಿ ಚೀರುವಂತಾಯಿತು. ಮಗನನ್ನು ಮಣ್ಣು ಮಾಡಿ ಬಂದ ಮುಪ್ಪಿನ ತಂದೆತಾಯಿಗಳು ಮೊಮ್ಮಕ್ಕಳನ್ನು ಸಾಕಲು ಮತ್ತೆ ಸೊಂಟ ಕಟ್ಟಬೇಕಾಯಿತು.

ಇದಕ್ಕೆ ಕಾರಣಗಳಾವವು? ಮೊದಲನೆಯದು ಲೋಭ. ಆ ಗುಳಿಗೆಯ ಅಪಾಯವನ್ನು ಕಡಿಮೆ ಮಾಡಿ ತೋರಿಸಿ ಮಾರಿದ್ದು ನಿಜವೆಂದು ಪರ್ಡ್ಯೂ ಕಂಪನಿಯು ೨೦೦೭ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡು ೬೦ ಕೋಟಿ ಡಾಲರುಗಳಿಗೂ ಮಿಕ್ಕಿದ ದಂಡಕ್ಕೆ ಒಳಗಾಯಿತು. ಆದರೂ ನಡತೆಯು ತಿದ್ದಲಿಲ್ಲ. ೨೦೨೦ರಲ್ಲಿ ಎರಡನೆಯ ಸಲ ಅಪರಾಧವನ್ನು ಒಪ್ಪಿಕೊಳ್ಳಬೇಕಾಯಿತು.

ಎರಡನೆಯದು ಪರೀಕ್ಷೆಯಿಲ್ಲದ ಶಬ್ದಪ್ರಮಾಣ. ಇದನ್ನು ಪಾಠಶಾಲೆಯ ವಿದ್ಯಾರ್ಥಿಗಳು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ೧೯೮೦ರಲ್ಲಿ ಅಲ್ಲಿಯ ಒಂದು ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಐದೇ ವಾಕ್ಯಗಳ ಒಂದು ಪತ್ರವು ಅಚ್ಚಾಗಿತ್ತು. ಆಸ್ಪತ್ರೆಯಲ್ಲಿದ್ದು ಇಂಥ ಔಷಧವನ್ನು ಪಡೆದ ೧೧,೮೮೨ ರೋಗಿಗಳಲ್ಲಿ ಚಟ ಹತ್ತಿದ್ದು ನಾಲ್ವರಿಗೆ ಮಾತ್ರ ಎಂಬದು ಅದರ ಸಾರ. ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರಿಗೆ ಔಷಧ ಪಡೆದವರ ಮಾತದು. ಆದರೆ ಮನೆಯಲ್ಲಿ ತಿಂಗಳುಗಟ್ಟಲೆ ತಾವೇ ಗುಳಿಗೆ ನುಂಗುವವರಿಗೂ ಅದನ್ನೇ ಅನ್ವಯಿಸಿ ನೂರಾರು ಲೇಖಕರು ಆ ಪತ್ರವನ್ನು ಪ್ರಮಾಣವೆಂದು ಉದಾಹರಿಸಿದರು. ೨೦೧೭ರಲ್ಲಿ ಎಣಿಸಿ ನೋಡಿದಾಗ ಹೀಗೆ ಉದಾಹರಿಸಿದ್ದು ೬೦೦ಕ್ಕೂ ಹೆಚ್ಚು ಸಲವೆಂದು ತಿಳಿದುಬಂದಿತು. ಮೂಲವನ್ನು ತೆರೆದು ನೋಡಿದವರು ವಿರಳ. ಒಬ್ಬನು ಹೇಳಿದ್ದನ್ನು ಇನ್ನೊಬ್ಬನು ಹೇಳಿದ ಮಾತ್ರಕ್ಕೆ ಅದು ಆಪ್ತವಾಕ್ಯವಾಗಲಾರದು. ಓದಿನಲ್ಲಿ ಈ ಅಲಸ್ಯವು ದೋಷವೆನಿಸುವದು. ವೈದ್ಯದಲ್ಲಿ ಅದು ಪ್ರಾಣವನ್ನೇ ಕೊಳ್ಳುವದು.

ಮೂರನೆಯದು ಬದುಕಿನ ಬರಿದುತನ. ಈ ಪಿಡುಗು ಮೊದಲು ಬಲವಾಗಿ ಬೇರೂರಿದ್ದು ಅಪ್ಪಲೇಶಿಯಾ ಗುಡ್ಡಗಾಡಿನ ಕಲ್ಲಿದ್ದಲ ಗಣಿಗಳ ಸೀಮೆಯಲ್ಲಿ. ಅಲ್ಲಿ ಬೆನ್ನು ಮುರಿಯುವ ದುಡಿತದಿಂದ ನೋವು ನಿಜವಾಗಿಯೂ ಇತ್ತು. ಗಣಿಗಳು ಮುಚ್ಚುತ್ತ ಬಂದಂತೆ ದುಡಿತವೂ ಇಲ್ಲವಾಯಿತು. ಕಾಯಕ ತಪ್ಪಿದ ಮನುಷ್ಯನಿಗೆ ಮೈಯ ನೋವಿಗಿಂತ ಮನಸ್ಸಿನ ನೋವು ದೊಡ್ಡದು. ಗುಳಿಗೆಯು ಎರಡನ್ನೂ ಕೆಲವು ತಾಸು ಮರೆಯಿಸಿತು. ಆದುದರಿಂದ ವ್ಯಸನಕ್ಕೆ ಸಿಕ್ಕವನನ್ನು ಕೇವಲ ದುಷ್ಟನೆಂದು ತಿಳಿಯುವದು ಅವಿಚಾರವು.

ಅದೇ ಸೀಮೆಯಿಂದ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ವರ್ಜೀನಿಯಾದ ಲೀ ಕೌಂಟಿಯಲ್ಲಿ ಆರ್ಟ್ ವ್ಯಾನ್ ಝೀ ಎಂಬ ವೈದ್ಯನೂ ಬೆಥ್ ಡೇವೀಸ್ ಎಂಬ ಕ್ರೈಸ್ತ ಸಂನ್ಯಾಸಿನಿಯೂ ಮುಂಚಿತವಾಗಿಯೇ ಈ ಅಪಾಯವನ್ನು ಕೂಗಿ ಹೇಳಿದರು. ಕಂಪನಿಯವರು ಧನಸಹಾಯದೊಡನೆ ಬಂದಾಗ ಅವರು ಅದನ್ನು ಸ್ವೀಕರಿಸಲಿಲ್ಲ. ಆ ಕಂಪನಿಯ ಒಡೆಯರಾದ ಸ್ಯಾಕ್ಲರ್ ಮನೆತನದವರಾದರೋ ಕಲಾಮಂದಿರಗಳಿಗೂ ವಿದ್ಯಾಲಯಗಳಿಗೂ ಹೇರಳವಾಗಿ ದಾನ ಮಾಡಿ ತಮ್ಮ ಹೆಸರನ್ನು ಗೋಡೆಗಳ ಮೇಲೆ ಕೆತ್ತಿಸಿದ್ದರು. ೨೦೧೯ರಲ್ಲಿ ಪ್ಯಾರಿಸಿನ ಲೂವ್ರ್ ಮಂದಿರವೂ ೨೦೨೧ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮಂದಿರವೂ ಆ ಹೆಸರನ್ನು ತೆಗೆದುಹಾಕಿದವು. ದಾನವು ದೊಡ್ಡದೆಂಬದು ನಿಜ. ಆದರೆ ಕೊಡುವ ಕೈಗೆ ಆ ಹಣವು ಯಾರ ಕಣ್ಣೀರಿನಿಂದ ಬಂದಿತೆಂಬದನ್ನೂ, ಕೊಳ್ಳುವ ಕೈ ಅದನ್ನು ಕೇಳಿತೋ ಇಲ್ಲವೋ ಎಂಬದನ್ನೂ ಕಾಲವು ಒಂದು ದಿನ ವಿಚಾರಿಸಿಯೇ ತೀರುವದು.

ಇನ್ನು ಈ ದೇಶದ ಮಾತು. ಇಲ್ಲಿ ಅಷ್ಟು ದೊಡ್ಡ ಅನರ್ಥವು ನಡೆದಿಲ್ಲವೆಂಬದು ಸತ್ಯ. ಆದರೆ ಬೀಜವಿಲ್ಲವೆಂದು ಹೇಳಬರುವದಿಲ್ಲ. ಭಾರತ ಸರಕಾರದ ಪರವಾಗಿ ದಿಲ್ಲಿಯ ಏಮ್ಸ್ ಸಂಸ್ಥೆಯವರು ನಡೆಯಿಸಿ ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ವೈದ್ಯರ ಆದೇಶವಿಲ್ಲದೆ ನಿದ್ರೆಯ ಹಾಗೂ ಮನಶ್ಶಾಂತಿಯ ಔಷಧಗಳನ್ನು ಸೇವಿಸುವವರು ಸುಮಾರು ೧ ಕೋಟಿ ೧೮ ಲಕ್ಷ ಜನ. ಅಫೀಮಿನ ಕುಲದ ಔಷಧಗಳನ್ನು ಹೀಗೆ ಸೇವಿಸುವವರು ನೂರಕ್ಕೆ ಒಬ್ಬರಷ್ಟು. ೨೦೧೪ರಿಂದ ಇಂಥ ಹಲವು ಔಷಧಗಳನ್ನು ಎಚ್-೧ ಎಂಬ ಪಟ್ಟಿಗೆ ಸೇರಿಸಿ, ಮಾರಿದ್ದರ ಲೆಕ್ಕವನ್ನು ಅಂಗಡಿಯವರು ಬರೆದಿಡಬೇಕೆಂದು ಕಾಯದೆ ಮಾಡಲಾಗಿದೆ; ೨೦೧೮ರಲ್ಲಿ ಟ್ರಮಡಾಲ್ ಎಂಬ ನೋವಿನ ಔಷಧವನ್ನು ಮಾದಕದ್ರವ್ಯಗಳ ಕಾಯದೆಯ ಕೆಳಗೆ ತರಲಾಯಿತು. ಕಾಯದೆಯು ಅಂಗಡಿಯ ಬಾಗಿಲವರೆಗೆ ಕಾಯುವದು. ಮನೆಯ ಗೂಡಿನಲ್ಲಿರುವ ಗುಳಿಗೆಯನ್ನು ಮನೆಯವರೇ ಕಾಯಬೇಕು.

ಆದರೆ ಇದರ ಇನ್ನೊಂದು ಮಗ್ಗಲನ್ನು ಮರೆಯಬಾರದು. ಅರ್ಬುದರೋಗದ ಕಡೆಯ ದಿನಗಳಲ್ಲಿ ನರಳುವವನಿಗೆ ಮಾರ್ಫಿನ್ ಅಮೃತಸಮಾನವಾದದ್ದು. ಅಫೀಮನ್ನು ಕಾಯದೆಬದ್ಧವಾಗಿ ಬೆಳೆಯುವ ಈ ದೇಶದಲ್ಲಿಯೇ ಅಸಂಖ್ಯ ರೋಗಿಗಳು ಅದು ದೊರೆಯದೆ ಕೊರಗಿ ಸತ್ತಿರುವರು; ಆ ತೊಡಕನ್ನು ಸಡಿಲಿಸಲೆಂದೇ ೨೦೧೪ರಲ್ಲಿ ಕಾಯದೆಯನ್ನು ತಿದ್ದಲಾಯಿತು. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಇಂಥ ರೋಗಿಗಳನ್ನು ಹಣ ಕೇಳದೆ ಉಪಚರಿಸುತ್ತಿರುವವು. ಅಮೇರಿಕದಲ್ಲಿಯೂ ಭಯದಿಂದ ಔಷಧವನ್ನು ತಟ್ಟನೆ ಕಡಿದದ್ದರಿಂದ ನಿಜವಾದ ರೋಗಿಗಳು ಸಂಕಟಕ್ಕೀಡಾದರೆಂದು ೨೦೨೨ರಲ್ಲಿ ಅಲ್ಲಿಯ ಆರೋಗ್ಯ ಇಲಾಖೆಯು ತನ್ನ ಸೂಚನೆಗಳನ್ನು ತಿದ್ದಿಕೊಂಡಿತು. ಆದುದರಿಂದ ತಪ್ಪು ಔಷಧದ್ದಲ್ಲ. ಪ್ರಮಾಣ, ಕಾಲ, ದೇಹಬಲಗಳ ವಿಚಾರವನ್ನು ಬಿಟ್ಟ ಸೇವನೆಯದು.

ಸದ್ಭಕ್ತರು ಆಚರಿಸತಕ್ಕದ್ದು ಇಷ್ಟೇ. ಹಳೆಯ ಚೀಟಿಯನ್ನು ತೋರಿಸಿ ಹೊಸದಾಗಿ ಔಷಧವನ್ನು ಕೊಳ್ಳಬಾರದು. ತನಗೆ ಬರೆದುಕೊಟ್ಟ ಗುಳಿಗೆಯನ್ನು ಪ್ರೀತಿಯಿಂದಲಾದರೂ ಇನ್ನೊಬ್ಬರಿಗೆ ಕೊಡಬಾರದು. ಎಷ್ಟು ದಿನ ಸೇವಿಸಬೇಕು, ಹೇಗೆ ನಿಲ್ಲಿಸಬೇಕೆಂಬದನ್ನು ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಬೇಕು. ಚಟ ಹತ್ತಿದವನು ತಾನಾಗಿಯೇ ತಟ್ಟನೆ ಬಿಡಲು ಹೋಗದೆ ಚಿಕಿತ್ಸೆಯನ್ನು ಪಡೆಯಬೇಕು; ಬ್ಯುಪ್ರೆನಾರ್ಫಿನ್ ಮೊದಲಾದ ಔಷಧಗಳಿಂದ ಹಂತಹಂತವಾಗಿ ಗುಣಪಡಿಸುವ ಕ್ರಮವುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. ೧೪೪೪೬ ಎಂಬ ಸರಕಾರದ ದೂರವಾಣಿಯಲ್ಲಿ ಸಲಹೆ ದೊರೆಯುವದು.

ಎಲ್ಲಕ್ಕಿಂತ ಮುಖ್ಯವಾದದ್ದು ಮನೆಯವರ ನಡತೆ. ಮಗನಿಗೆ ಜ್ವರ ಬಂದರೆ ಊರಿಗೆಲ್ಲ ಹೇಳುವ ತಂದೆಯು ಮಗನಿಗೆ ಚಟ ಹತ್ತಿದರೆ ಬಾಗಿಲು ಮುಚ್ಚಿಕೊಳ್ಳುವನು. ಆ ಮುಚ್ಚಿದ ಬಾಗಿಲ ಹಿಂದೆಯೇ ಎಷ್ಟೋ ಪ್ರಾಣಗಳು ಹೋಗಿರುವವು. ಮಠದ ಬಾಗಿಲು ತೆರೆದೇ ಇರುವದು. ನಾಚಿಕೆಯಿಂದ ಮನೆಯಲ್ಲಿ ಕುಳಿತವನನ್ನು ಕೈಹಿಡಿದು ಕರೆತಂದು, ವೈದ್ಯನ ಬಳಿಗೆ ಕಳಿಸಿ, ಗುಣವಾಗಿ ಬಂದ ಮೇಲೆ ಪಂಕ್ತಿಯಲ್ಲಿ ಮೊದಲಿನಂತೆ ಕುಳ್ಳಿರಿಸಿಕೊಂಡರೆ ಈ ಮಹೋತ್ಸವವು ಸಾರ್ಥಕವಾಗುವದು.